ಅಳಿಯ ಬರೆದುಕೊಟ್ಟ ಛಾಪಾ ಕಾಗದ ಸಾಕಾ?

ಪ್ರಶ್ನೆ: ಮಗಳು ತೀರಿಕೊಂಡು ಮೂರು ವರ್ಷವಾಯಿತು. ಮೊಮ್ಮಗಳು ಆಗಿನಿಂದ ನಮ್ಮ ಹತ್ತಿರವೇ ಇದ್ದಾಳೆ. ಮಗುವಿನ ಪೂರ್ತಿ ಜವಾಬ್ದಾರಿ ನಮಗೇ ಬಿಟ್ಟಿದ್ದೇನೆ ಎಂದು ಅಳಿಯ ಛಾಪಾ ಕಾಗದದ ಮೇಲೆ ಬರೆದುಕೊಟ್ಟಿದ್ದಾನೆ. ನೋಟರಿಯೂ ಆಗಿದೆ. ಸಾಕಲ್ವಾ?

ಸಾಕಾಗುವುದಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಬಿಡಿಸಿಯೇ ಹೇಳುತ್ತೇನೆ.

ಆ ಕಾಗದದ ಗುರುತು ನನಗೆ ಚೆನ್ನಾಗಿದೆ. ಪ್ಲಾಸ್ಟಿಕ್ ಕವರು, ನಾಲ್ಕು ಮಡಿಕೆ, ಮಡಿಕೆಯ ಗೆರೆಯಲ್ಲಿ ಸವೆದ ಅಕ್ಷರ. ಕೆಳಗೆ ಇಬ್ಬರು ಸಾಕ್ಷಿಗಳ ಸಹಿ, ನೋಟರಿಯ ದುಂಡು ಮೊಹರು. ಸೈಟಿನ ಪತ್ರದ ಹಾಗೆ ಜೋಪಾನವಾಗಿ ತೆಗೆದು ಮೇಜಿನ ಮೇಲಿಡುತ್ತಾರೆ. ತೊಡಕು ಅಲ್ಲೇ ಇರೋದು. ಸೈಟಿನ ಹಾಗೆ ಮಗುವನ್ನು ಒಬ್ಬರಿಂದ ಇನ್ನೊಬ್ಬರಿಗೆ ಬರೆದುಕೊಡಲು ಬರುವುದಿಲ್ಲ. ನೋಟರಿ ಮೊಹರಿಗೆ ಅರ್ಥ ಇಷ್ಟೇ: ಸಹಿ ಹಾಕಿದವರು ಇವರೇ. ನೀವು ಪೋಷಕರು ಅಂತ ಹೇಳುವ ಅಧಿಕಾರ ನೋಟರಿಗಿಲ್ಲ, ಕೋರ್ಟಿಗಿದೆ.

1956ರ ಹಿಂದೂ ಪೋಷಕತ್ವ ಕಾಯ್ದೆಯ ಪ್ರಕಾರ ಈಗ ಅಳಿಯನೇ ಸಹಜ ಪೋಷಕ, ಅಂದರೆ ಕೋರ್ಟು ನೇಮಿಸದೆಯೇ ಕಾನೂನು ಒಪ್ಪುವ ಪೋಷಕ. ನಾಳೆ ಇನ್ನೊಂದು ಮದುವೆಯಾಗಿ ಬಂದು "ನನ್ನ ಮಗಳನ್ನು ಕಳಿಸಿ" ಅಂದರೆ ಈ ಕಾಗದ ಅಡ್ಡ ನಿಲ್ಲುವುದಿಲ್ಲ. ಅದೇ ಕಾಯ್ದೆಯ ಸೆಕ್ಷನ್ 11 ಇನ್ನೂ ಖಡಕ್ಕಾಗಿದೆ. ಸುಮ್ನೆ ಸಾಕುತ್ತಿದ್ದೇವೆ ಎಂಬ ಕಾರಣಕ್ಕೆ ಮಗುವಿನ ಹೆಸರಿನ ಆಸ್ತಿಯನ್ನು ಯಾರೂ ಮಾರುವಂತಿಲ್ಲ.

"ಶಾಲೆಯವರು ಒಪ್ಪಿದರಲ್ಲ ಸಾರ್" ಅನ್ನುತ್ತಾರೆ. ಒಪ್ಪುತ್ತಾರೆ, ಯಾಕಂದರೆ ಇನ್ನೂ ಯಾರೂ ತಕರಾರು ತೆಗೆದಿಲ್ಲ. ತಕರಾರು ಬಂದ ದಿನ ಅದೇ ಶಾಲೆ ಕೋರ್ಟಿನ ಆದೇಶ ಕೇಳುತ್ತದೆ.

ಹಾಗಂತ ಕಾಗದವನ್ನು ಹರಿದು ಹಾಕಬೇಡಿ. ಮಗು ಯಾವಾಗಿನಿಂದ ನಿಮ್ಮ ಹತ್ತಿರ ಇದೆ ಅನ್ನುವುದಕ್ಕೆ ಅದು ಸಾಕ್ಷಿ.

ದಾರಿ ಇರುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ. ನಮ್ಮನ್ನು ಪೋಷಕರಾಗಿ ನೇಮಿಸಿ ಅಂತ ಮಗು ವಾಸವಿರುವ ಊರಿನ ಫ್ಯಾಮಿಲಿ ಕೋರ್ಟಿಗೆ, ಅದಿಲ್ಲದ ಕಡೆ ಜಿಲ್ಲಾ ಕೋರ್ಟಿಗೆ ಅರ್ಜಿ ಹಾಕಬೇಕು. ಅಳಿಯ ಒಪ್ಪಿದ್ದರೆ ಆ ಮಾತನ್ನು ಅಲ್ಲಿ ಬಂದು ಹೇಳಲಿ. ಅರ್ಜಿ ನಡೆಯುವಷ್ಟು ದಿನಕ್ಕೆ ಮಧ್ಯಂತರ ಆದೇಶವನ್ನೂ ಕೇಳಬಹುದು.

ಕೋರ್ಟಿಗೆ ಹೋದರೆ ಮಗು ಕೈತಪ್ಪುತ್ತದೆ ಅಂತ ಹೆದರುವವರೇ ಜಾಸ್ತಿ. ತಂದೆ ಬದುಕಿದ್ದು, ಅನರ್ಹರಲ್ಲ ಅಂತ ಕೋರ್ಟಿಗೆ ಕಂಡರೆ ಬೇರೆಯವರನ್ನು ಪೋಷಕರಾಗಿ ನೇಮಿಸಲು ಇದೇ 1890ರ ಕಾಯ್ದೆಯ ಸೆಕ್ಷನ್ 19 ಬಿಡುವುದಿಲ್ಲ, ನಿಜ. ಆದರೆ ಗಾರ್ಡಿಯನ್‌ಶಿಪ್ (ಮಗುವಿನ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ಕಾನೂನಿನ ಹಕ್ಕು) ಬೇರೆ, ಕಸ್ಟಡಿ (ಮಗುವನ್ನು ಹತ್ತಿರ ಇಟ್ಟುಕೊಂಡು ಸಾಕುವುದು) ಬೇರೆ. ಬೆಂಗಳೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಕೇಸಿನಲ್ಲಿ, 2010ರಲ್ಲಿ, ತಂದೆ ಇದ್ದರೂ ಮಧ್ಯಂತರ ಕಸ್ಟಡಿ ತಾಯಿಯ ಕಡೆಯವರ ಹತ್ತಿರವೇ ಉಳಿಯಿತು. 2019ರಲ್ಲಿ ತಿರುಗಾಮುರುಗಾ ಆಯಿತು. ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದ ಮಗುವನ್ನು ತಾಯಿಯ ಕಡೆಯವರು ಸಾಕುತ್ತಿದ್ದರು, ಕೋರ್ಟು ತಂದೆಗೆ ಕೊಟ್ಟಿತು. ಎರಡು ಕಡೆಯೂ ಅಳತೆಗೋಲು ಮಗುವಿನ ಒಳಿತೇ. 2022ರಲ್ಲಿ ಕೋವಿಡ್‌ನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಅಹಮದಾಬಾದಿನ ಹುಡುಗನ ಕೇಸು ಬಂತು. ಅಜ್ಜ ಅಜ್ಜಿಗೆ ವಯಸ್ಸಾಗಿದೆ, ಚಿಕ್ಕಮ್ಮನಿಗೆ ಸರ್ಕಾರಿ ಕೆಲಸವಿದೆ ಎಂಬ ವಾದವನ್ನು ಸುಪ್ರೀಂ ಕೋರ್ಟು ಒಪ್ಪದೆ, ತಂದೆಯ ಅಪ್ಪ ಅಮ್ಮನಿಗೇ ಅವನನ್ನು ಒಪ್ಪಿಸಿತು.

ನೀವು ಕೇಳದ ಇನ್ನೊಂದು ವಿಷಯ. ಮಗುವನ್ನು ಯಾರಾದರೂ ಕೇಳುತ್ತಾರಾ? ಕೇಳುತ್ತಾರೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಗಮನಿಸಬಹುದು ಅಂತ 1890ರ ಕಾಯ್ದೆಯಲ್ಲೇ ಇದೆ, ಇಂತಿಷ್ಟೇ ವಯಸ್ಸು ಅಂತಿಲ್ಲ. 2008ರ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಹುಡುಗನನ್ನು ತಮ್ಮ ಕೊಠಡಿಗೇ ಕರೆದು ಮಾತಾಡಿಸಿದರು. ಅಪ್ಪನ ಹತ್ತಿರ ಹೋಗುವುದಿಲ್ಲ ಅಂದ. ತಾಯಿಯ ಸಾವಿನ ಕೇಸು ಆ ಅಪ್ಪನ ಮೇಲಿತ್ತು. ಹುಡುಗ ಅಜ್ಜನ ಮನೆಯಲ್ಲೇ ಉಳಿದ.

ಅದಕ್ಕೇ ದಯವಿಟ್ಟು ಮೊಮ್ಮಗಳಿಗೆ ಏನನ್ನೂ ಹೇಳಿಕೊಡಬೇಡಿ. ಜಡ್ಜ್ ಕೇಳಿದಾಗ ಅವಳ ಮಾತು ಅವಳದೇ ಆಗಿರಲಿ.