ಕಸ್ಟಡಿಯಲ್ಲಿ ಕುಸಿದವರಿಗೆ ಆಂಬುಲೆನ್ಸ್ ತಡವಾಗುವುದೇಕೆ?

ಪೊಲೀಸರ ವಶದಲ್ಲಿ ಯಾರಾದರೂ ಸತ್ತರೆ ಜನ ಮೊದಲು ಕೇಳುವುದು, ಹೊಡೆದವರು ಯಾರು ಅಂತ. ಕೇಳಲೇಬೇಕು. ಆದರೆ ಆ ಮನುಷ್ಯ ಕುಸಿದ ಹೊತ್ತಿನಿಂದ ಆಸ್ಪತ್ರೆ ಸೇರುವ ತನಕ ಯಾರು ಏನು ಮಾಡಿದರು ಅನ್ನುವುದು ಅಷ್ಟೇ ದೊಡ್ಡ ಪ್ರಶ್ನೆ. ಹೊರಗಿದ್ದವರಿಗೆ ಹುಷಾರು ತಪ್ಪಿದರೆ ಮನೆಯವರೋ ದಾರಿಹೋಕರೋ ಆಸ್ಪತ್ರೆಗೆ ಸೇರಿಸುತ್ತಾರೆ. ವಶದಲ್ಲಿದ್ದವರಿಗೆ ಆ ದಾರಿ ಇಲ್ಲ. ಅವರು ನಿಜವಾಗಿ ಕಾಯಿಲೆ ಬಿದ್ದಿದ್ದಾರಾ ಇಲ್ಲವಾ ಅಂತ ತೀರ್ಮಾನಿಸುವವರು ಅವರನ್ನು ಹಿಡಿದಿಟ್ಟವರೇ. ಎಡವಟ್ಟು ಶುರುವಾಗುವುದೇ ಅಲ್ಲಿ.

1977ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಹೋರಾಟಗಾರ ಸ್ಟೀವ್ ಬಿಕೊ ಅವರಿಗೆ ಪೋರ್ಟ್ ಎಲಿಜಬೆತ್‌ನಲ್ಲಿ ಪೊಲೀಸರ ವಶದಲ್ಲಿದ್ದಾಗ ತಲೆಗೆ ಪೆಟ್ಟಾಯಿತು. ನೋಡಲು ಬಂದ ಡಾಕ್ಟರ್ ಏನೂ ತೊಂದರೆ ಕಾಣಲಿಲ್ಲ ಅಂತ ಸರ್ಟಿಫಿಕೇಟ್ ಬರೆದುಕೊಟ್ಟರು. ಬೆನ್ನುಹುರಿಯ ನೀರು ತೆಗೆದು ಪರೀಕ್ಷೆ ಮಾಡಿದಾಗ ಅದರಲ್ಲಿ ರಕ್ತ ಸಿಕ್ಕಿತು. ಆದರೂ ಪೊಲೀಸರದ್ದು ಒಂದೇ ಮಾತು: ನಾಟಕ ಆಡುತ್ತಿದ್ದಾನೆ. ಕೊನೆಗೆ ಬಾಯಲ್ಲಿ ನೊರೆ ಬಂದು ಬಿದ್ದಿದ್ದ ಅವರನ್ನು ಬಟ್ಟೆಯೂ ಇಲ್ಲದೆ ಲ್ಯಾಂಡ್ ರೋವರ್‌ನ ಹಿಂಬದಿಯಲ್ಲಿ ಮಲಗಿಸಿ 1,000 ಕಿಲೋಮೀಟರ್‌ಗೂ ದೂರದ ಪ್ರಿಟೋರಿಯಾಕ್ಕೆ ಸಾಗಿಸಿದರು. ಜೊತೆಗೆ ವೈದ್ಯಕೀಯ ದಾಖಲೆಯೂ ಇರಲಿಲ್ಲ. ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಇಬ್ಬರು ಡಾಕ್ಟರ್‌ಗಳ ಮೇಲೆ ಶಿಸ್ತು ಕ್ರಮ ಆಗಲು 1985ರ ತನಕ ಕಾಯಬೇಕಾಯಿತು. ಅದೂ ವೈದ್ಯರೇ ಕೆಲವರು ಕೋರ್ಟಿಗೆ ಹೋಗಿ ಗೆದ್ದ ಮೇಲೆ. ಒಬ್ಬರ ನೋಂದಣಿ ರದ್ದಾಯಿತು, ಇನ್ನೊಬ್ಬರಿಗೆ ಛೀಮಾರಿ ಸಿಕ್ಕಿತು.

1979ರಲ್ಲಿ ವಿಶ್ವಸಂಸ್ಥೆ ಪೊಲೀಸರಿಗಾಗಿ ಒಂದು ನೀತಿ ಸಂಹಿತೆ ಮಾಡಿತು. ವಶದಲ್ಲಿರುವವರ ಆರೋಗ್ಯ ಕಾಪಾಡಬೇಕು, ಅಗತ್ಯ ಬಿದ್ದಾಗ ತಕ್ಷಣ ಚಿಕಿತ್ಸೆ ಕೊಡಿಸಬೇಕು ಅಂತ ಅದರ 6ನೇ ವಿಧಿ ಹೇಳುತ್ತದೆ. ಮಾತು ಸ್ಪಷ್ಟವಾಗಿಯೇ ಇದೆ. ಆದರೆ ಅಗತ್ಯ ಬಿದ್ದಿದೆ ಅಂತ ಹೇಳಬೇಕಾದವರು ಯಾರು?

1998ರ ಏಪ್ರಿಲ್ 1ರಂದು ಇಂಗ್ಲೆಂಡಿನ ಹಲ್ ನಗರದಲ್ಲಿ ಈ ಪ್ರಶ್ನೆ ಕ್ಯಾಮೆರಾ ಮುಂದೆಯೇ ಬಂತು. ಮಾಜಿ ಸೈನಿಕ ಕ್ರಿಸ್ಟೋಫರ್ ಆಲ್ಡರ್ ಆ ರಾತ್ರಿ ಜಗಳದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಗಲಾಟೆ ಮಾಡಿದರು ಅಂತ ಪೊಲೀಸರು ಹಿಡಿದು ಸ್ಟೇಷನ್‌ಗೆ ತಂದರು. ಕೈಗೆ ಬೇಡಿ, ಮುಖ ಕೆಳಗೆ. ಹಾಗೆಯೇ ನೆಲದ ಮೇಲೆ ಸುಮಾರು 11 ನಿಮಿಷ. ಗೊರಗೊರ ಉಸಿರಿನ ಸದ್ದು ಧ್ವನಿಮುದ್ರಣದಲ್ಲಿ ಕೇಳುತ್ತದೆ. ಸುತ್ತ ನಿಂತ ಪೊಲೀಸರು ಅದೂ ಇದೂ ಮಾತಾಡುತ್ತಿದ್ದರು. ನಾಟಕ ಅನ್ನುವ ಮಾತು ಇಲ್ಲೂ ಬಂತು. ಆಲ್ಡರ್ ಅಲ್ಲೇ ಸತ್ತರು. 2000ದಲ್ಲಿ ಸಾವಿನ ಕಾರಣ ವಿಚಾರಿಸಿದ ಜ್ಯೂರಿ ಇದನ್ನು ಕಾನೂನುಬಾಹಿರ ಹತ್ಯೆ ಅಂದಿತು. ಆದರೆ 2002ರಲ್ಲಿ ಕ್ರಿಮಿನಲ್ ಮೊಕದ್ದಮೆಯಲ್ಲಿ ಐವರು ಪೊಲೀಸರು ಖುಲಾಸೆಯಾದರು.

ಪೊಲೀಸರಿಗೆ ವೈದ್ಯಕೀಯ ಗೊತ್ತಿರುವುದಿಲ್ಲ, ಪತ್ತೆ ಹಚ್ಚುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಇಂಗ್ಲೆಂಡಿನ ಇಂದಿನ ಕಸ್ಟಡಿ ನಿಯಮಗಳಲ್ಲಿ ಇದಕ್ಕೆ ಒಂದೇ ಪುಟದ ಉತ್ತರ ಇದೆ. ಸೆಲ್ ಒಳಗೆ ಹೋಗಿ, ಹೆಸರು ಹಿಡಿದು ಕರೆಯಿರಿ, ಮೆಲ್ಲಗೆ ಅಲುಗಾಡಿಸಿ. ಎಲ್ಲಿ ವಾಸ, ಈಗ ಎಲ್ಲಿದ್ದೀರಿ ಅಂತ ಕೇಳಿ. ಕಣ್ಣು ಬಿಡಲು, ಒಂದು ಕೈ ಎತ್ತಲು, ಆಮೇಲೆ ಇನ್ನೊಂದು ಕೈ ಎತ್ತಲು ಹೇಳಿ. ಯಾವುದಾದರೂ ಒಂದಾಗದಿದ್ದರೂ ಆರೋಗ್ಯ ಸಿಬ್ಬಂದಿಯನ್ನೋ ಆಂಬುಲೆನ್ಸನ್ನೋ ಕರೆಯಲೇಬೇಕು. ಕುಡಿದ ವಾಸನೆ ಬರುವವರಿಗೆ ಸಕ್ಕರೆ ಕಾಯಿಲೆ, ಮೂರ್ಛೆ, ತಲೆಗೆ ಪೆಟ್ಟು, ಪಾರ್ಶ್ವವಾಯು ಕೂಡ ಇರಬಹುದು ಅಂತಲೂ ಅಲ್ಲಿ ಬರೆದಿದೆ. ಇದನ್ನು ಮಾಡಲು ಡಾಕ್ಟರೇ ಆಗಬೇಕಿಲ್ಲ. ಪಟ್ಟಿ ಕೈಯಲ್ಲಿದ್ದರೆ ನಾಟಕವೋ ನಿಜವೋ ಅನ್ನುವ ಊಹೆಗೆ ಜಾಗವೇ ಇಲ್ಲ, ಅಲ್ವಾ?

ಅಮೆರಿಕದಲ್ಲೂ ತಿಳಿವಳಿಕೆಗೆ ಕೊರತೆ ಇರಲಿಲ್ಲ. ಬೇಡಿ ಹಾಕಿದ ಕೂಡಲೇ ಹೊಟ್ಟೆ ಮೇಲೆ ಮಲಗಿದವರನ್ನು ಎಬ್ಬಿಸಿ ಅಂತ ಅಲ್ಲಿನ ನ್ಯಾಯ ಇಲಾಖೆ 1995ರಲ್ಲೇ ಎಚ್ಚರಿಸಿತ್ತು. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕಿದರೆ ಎದೆ ಸರಿಯಾಗಿ ಹಿಗ್ಗುವುದಿಲ್ಲ. ಒದ್ದಾಡಿದ ದೇಹಕ್ಕೆ ಆಗ ಮಾಮೂಲಿಗಿಂತ ಜಾಸ್ತಿ ಉಸಿರು ಬೇಕು. ಮಾತಾಡುತ್ತಿದ್ದಾನೆ ಅಂದರೆ ಉಸಿರಾಡುತ್ತಿದ್ದಾನೆ ಅನ್ನುವ ಸಮಾಧಾನ ಪೂರ್ತಿ ತಪ್ಪು. ಎರಡು ಮಾತು ಹೊರಬರಲು ಸ್ವಲ್ಪ ಗಾಳಿ ಸಾಕು, ಬದುಕಲು ಅಷ್ಟು ಸಾಲದು.

2014ರಲ್ಲಿ ನ್ಯೂಯಾರ್ಕ್‌ನಲ್ಲಿ ಪೊಲೀಸರು ಕುತ್ತಿಗೆ ಹಿಡಿದು ಕೆಡವಿದ ಎರಿಕ್ ಗಾರ್ನರ್ ಉಸಿರಾಡಲು ಆಗುತ್ತಿಲ್ಲ ಅಂತ 11 ಸಲ ಹೇಳಿದ್ದರು. ಆಂಬುಲೆನ್ಸ್ ಸಿಬ್ಬಂದಿ ಬಂದಮೇಲೂ ಅವರಿಗೆ ತಕ್ಷಣದ ಆರೈಕೆ ಸಿಗದಿದ್ದು ವಿಡಿಯೊದಲ್ಲಿ ಕಂಡಿತು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸ್ ಮೊಣಕಾಲಿನ ಕೆಳಗಿದ್ದಾಗ ಆಂಬುಲೆನ್ಸ್‌ಗೆ ಕರೆ ಹೋಗಿತ್ತು. ಆದರೆ ಮೊದಲು ಕರೆದದ್ದು ಬಾಯಿಯ ಗಾಯಕ್ಕೆ, ತುರ್ತಲ್ಲದ ದರ್ಜೆಯಲ್ಲಿ. ಸ್ವಲ್ಪ ಹೊತ್ತಿನ ಮೇಲೆ ತುರ್ತು ದರ್ಜೆಗೆ ಏರಿಸಿದರು. ರಜೆಯಲ್ಲಿದ್ದ ಅಗ್ನಿಶಾಮಕ ಸಿಬ್ಬಂದಿ ಒಬ್ಬರು ಅಲ್ಲೇ ನಿಂತು ನಾಡಿ ನೋಡಿ ಅಂತ ಅಂಗಲಾಚಿದರು. ಅವರನ್ನು ಹತ್ತಿರ ಬಿಡಲಿಲ್ಲ. ಒಬ್ಬ ಪೊಲೀಸ್ ನಾಡಿ ಸಿಗುತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ ಮೇಲೂ ಮೊಣಕಾಲು ಎತ್ತಲಿಲ್ಲ, ಎದೆ ಒತ್ತಿ ಉಳಿಸಲು ನೋಡಲಿಲ್ಲ. ಹೃದಯ ನಿಂತಮೇಲೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಕುಸಿಯುತ್ತದೆ. 2022ರ ಫೆಬ್ರವರಿಯಲ್ಲಿ ಫೆಡರಲ್ ಜ್ಯೂರಿ ಜೊತೆಗಿದ್ದ ಮೂವರು ಪೊಲೀಸರನ್ನು, ವೈದ್ಯಕೀಯ ನೆರವು ಕೊಡಲಿಲ್ಲ ಅನ್ನುವ ಕಾರಣಕ್ಕೇ ತಪ್ಪಿತಸ್ಥರೆಂದಿತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಇದು ದೊಡ್ಡ ತಿರುವು.

ಆಂಬುಲೆನ್ಸ್ ಬೇಗ ಬಂದರೂ ಸಾಕಾಗುವುದಿಲ್ಲ. 2019ರಲ್ಲಿ ಕೊಲೊರಾಡೊದ ಅರೋರಾದಲ್ಲಿ ಪೊಲೀಸರು ಹಿಡಿದಿದ್ದ 23 ವರ್ಷದ ಎಲೈಜಾ ಮೆಕ್ಲೇನ್ ಅವರಿಗೆ ಪ್ಯಾರಾಮೆಡಿಕ್‌ಗಳು 500 ಮಿಲಿಗ್ರಾಂ ಕೆಟಮಿನ್ ಅನ್ನುವ ಮತ್ತು ಬರಿಸುವ ಔಷಧ ಚುಚ್ಚಿದರು. ಹುಡುಗನ ತೂಕ ಸುಮಾರು 65 ಕಿಲೋ, ಡೋಸ್ ಲೆಕ್ಕ ಹಾಕಿದ್ದು ಸುಮಾರು 90 ಕಿಲೋಗೆ. ಪೊಲೀಸರು ಹೇಳಿದ್ದನ್ನು ನಂಬಿ 'ಉದ್ರೇಕದ ಸನ್ನಿ', ಅಂದರೆ ವಿಪರೀತ ಕೆರಳಿ ಹಿಡಿತ ತಪ್ಪಿದ ಸ್ಥಿತಿ, ಅಂತ ತೀರ್ಮಾನಿಸಿದ್ದರು. ಸರಿಯಾಗಿ ತಪಾಸಣೆ ಮಾಡಿರಲಿಲ್ಲ. ಅಮೆರಿಕದ ತುರ್ತು ವೈದ್ಯರ ಸಂಘ 2009ರಲ್ಲಿ ಈ ಸನ್ನಿಯನ್ನು ಒಪ್ಪಿ ವರದಿ ಕೊಟ್ಟಿತ್ತು, 2023ರ ಅಕ್ಟೋಬರ್‌ನಲ್ಲಿ ಹಿಂತೆಗೆದುಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಮೆಕ್ಲೇನ್ ಸಾವಿನ ಮೊಕದ್ದಮೆಯಲ್ಲಿ ಇಬ್ಬರು ಪ್ಯಾರಾಮೆಡಿಕ್‌ಗಳು ಅಪರಾಧಿಗಳೆಂದು ತೀರ್ಪು ಬಂತು. ಅದಕ್ಕೂ ಮೊದಲೇ, 2021ರಲ್ಲಿ, ಕೊಲೊರಾಡೊ ಕಾನೂನು ಮಾಡಿತ್ತು: ಕೆಟಮಿನ್ ಕೊಡಿ ಅಂತ ಪೊಲೀಸರು ಪ್ಯಾರಾಮೆಡಿಕ್‌ಗಳಿಗೆ ಹೇಳುವಂತಿಲ್ಲ, ಒತ್ತಡ ಹಾಕುವಂತಿಲ್ಲ.