ಶಿನ್ ಗಟ್ಟಿಯಾಗಲು ಬಾಟಲಿ ಉರುಳಿಸಬೇಕಾ?

ಪ್ರಶ್ನೆ: "ಸರ್, ತುಮಕೂರಿನಲ್ಲಿ ಎಂಎಂಎ (ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಕಾಳಗದ ಆಟ) ಕಲಿಯೋಕೆ ಸೇರಿ ಎರಡು ತಿಂಗಳಾಯ್ತು. ಲೋ ಕಿಕ್ (ಎದುರಾಳಿಯ ಕಾಲಿಗೆ ಹೊಡೆಯೋ ಒದೆತ) ಹೊಡೆದರೆ ಎದುರಿಗಿರೋನಿಗಿಂತ ನನಗೇ ಜಾಸ್ತಿ ನೋವು. ದಿನಾ ರಾತ್ರಿ ಗಾಜಿನ ಬಾಟಲಿ ಇಲ್ಲಾ ಲಟ್ಟಣಿಗೆ ತಗೊಂಡು ಶಿನ್ (ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ) ಮೇಲೆ ಉರುಳಿಸು, ನರ ಸತ್ತು ಮೂಳೆ ಕಲ್ಲಾಗುತ್ತೆ ಅಂತ ಸೀನಿಯರ್‌ಗಳು ಹೇಳ್ತಾರೆ. ಎಷ್ಟು ದಿನ ಉರುಳಿಸಬೇಕು?"

ಒಂದು ದಿನವೂ ಬೇಡ.

ಈ ಪ್ರಶ್ನೆ ಕೋಲಾರದಿಂದಲೂ ಬರುತ್ತದೆ, ಚಿಂತಾಮಣಿಯಿಂದಲೂ ಬರುತ್ತದೆ. ಉರುಳಿಸುವ ಸಾಮಾನು ಮಾತ್ರ ಬೇರೆ: ಒಂದೂರಲ್ಲಿ ಬಿಯರ್ ಬಾಟಲಿ, ಇನ್ನೊಂದೂರಲ್ಲಿ ಜಿಐ ಪೈಪು, ಮತ್ತೊಂದೂರಲ್ಲಿ ಕಬ್ಬಿಣದ ರಾಡು. "ಬೇಡ" ಎಂದು ಎಷ್ಟು ಸಲ ಹೇಳಿದರೂ ಯಾರೂ ಬಿಡುತ್ತಿಲ್ಲ. ಯಾಕೆ ಬೇಡ ಅನ್ನುವುದನ್ನು ಪೂರ್ತಿ ಹೇಳದೆ ಇದು ನಿಲ್ಲುವುದಿಲ್ಲ ಅನ್ನಿಸಿ ಈ ಸಲ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನರದ ಮಾತು. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಬೆರಳಾಡಿಸಿ ನೋಡಿ. ಚರ್ಮ ದಾಟಿದರೆ ನೇರ ಮೂಳೆ, ನಡುವೆ ಮಾಂಸದ ಮೆತ್ತೆಯೇ ಇಲ್ಲ. ಆ ಮೂಳೆಯನ್ನು ತೆಳುವಾದ ಒಂದು ಪೊರೆ ಸುತ್ತಿಕೊಂಡಿರುತ್ತದೆ. ನೋವಿನ ನರಗಳು ದಟ್ಟವಾಗಿರುವುದು ಆ ಪೊರೆಯಲ್ಲಿ. ಹೊಸ ಮೂಳೆ ಕಟ್ಟುವ ಜೀವಕೋಶಗಳೂ ಮೂಳೆಯ ಹೊರಭಾಗಕ್ಕೆ ರಕ್ತ ಕೊಡುವ ಸಣ್ಣ ನಾಳಗಳೂ ಅಲ್ಲೇ ಇವೆ. ಬಾಟಲಿ ಒತ್ತಿ ಉರುಳಿಸಿದಾಗ ಜಜ್ಜಿಹೋಗುವುದು ಇದೇ ಪೊರೆ. ಗಟ್ಟಿ ಮಾಡುವ ಕೆಲಸಗಾರರನ್ನೇ ಹೊಡೆದು ಮೂಳೆ ಗಟ್ಟಿಯಾಗಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಕೆಲವರ ಶಿನ್ ಮೇಲೆ ಕೈಗೆ ಸಿಗುವ ಗಂಟುಗಳನ್ನು "ನೋಡಿ, ಮೂಳೆ ಬೆಳೆದಿದೆ" ಎಂದು ತೋರಿಸುತ್ತಾರೆ. ಅವುಗಳಲ್ಲಿ ಹೆಚ್ಚಿನವು ಪೊರೆಯ ಕೆಳಗೆ ರಕ್ತ ಹೆಪ್ಪುಗಟ್ಟಿ ಉಳಿದ ಗಾಯದ ಗುರುತುಗಳು. ಅವಕ್ಕೂ ಮೂಳೆಯ ಬಲಕ್ಕೂ ಸಂಬಂಧವಿಲ್ಲ.

ಇನ್ನೂ ಕೆಟ್ಟದ್ದೊಂದಿದೆ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಸಣ್ಣ ಮೂಳೆಯ ಗುಬುಟು ಕೈಗೆ ಸಿಗುತ್ತದಲ್ಲ, ಅದನ್ನು ಬಳಸಿಕೊಂಡು ಒಂದು ಮುಖ್ಯ ನರ ಚರ್ಮದ ಅಡಿಯಲ್ಲೇ ಹಾದುಹೋಗುತ್ತದೆ. ಪಾದವನ್ನು ಮೇಲಕ್ಕೆತ್ತುವುದು ಆ ನರದ ಕೆಲಸ. ರಾಡು ಜಾರಿ ಹೊರಬದಿಗೆ ಹೋಗಿ ದಿನಾ ಅಲ್ಲಿ ಒತ್ತಿದರೆ ಪಾದ ಜೋತುಬೀಳಬಹುದು, ನಡೆಯುವಾಗ ಚಪ್ಪಲಿಯ ಮುಂಭಾಗ ನೆಲಕ್ಕೆ ಉಜ್ಜತೊಡಗುತ್ತದೆ. ಕಾಫ್ ಕಿಕ್, ಅಂದರೆ ಮೊಣಕಾಲಿನ ಕೆಳಗೆ ಮೀನಖಂಡಕ್ಕೆ ಬೀಳುವ ಒದೆತ, ತಿಂದವರು ರಿಂಗಿನಲ್ಲಿ ದಿಢೀರನೆ ಕುಂಟುವುದಕ್ಕೆ ಇದೇ ನರಕ್ಕೆ ಬೀಳುವ ಏಟು ಒಂದು ಕಾರಣ. ಎದುರಾಳಿ ಮಾಡಬೇಕಾದ ಕೆಲಸವನ್ನು ಮನೆಯಲ್ಲಿ ಕೂತು ನೀವೇ ಮಾಡಿಕೊಳ್ಳಬೇಡಿ.

"ಮತ್ತೆ ಸೀನಿಯರ್‌ಗಳಿಗೆ ನೋವೇ ಆಗಲ್ವಲ್ಲ ಸರ್?" ಆಗುತ್ತದೆ, ಕಡಿಮೆ ಆಗುತ್ತದೆ. ಅವರು ಎರಡು ಮೂರು ವರ್ಷದಿಂದ ಬ್ಯಾಗಿಗೆ, ಅಂದರೆ ಅಭ್ಯಾಸಕ್ಕೆ ನೇತುಹಾಕಿದ ಚೀಲಕ್ಕೆ, ಒದೆಯುತ್ತಿದ್ದಾರೆ. ಆ ಏಟಿಗೆ ಮಿದುಳು ಒಗ್ಗಿದೆ, ಕಾಲಿನ ಯಾವ ಜಾಗ ತಾಗಿಸಬೇಕು ಅನ್ನುವುದು ಕೂತಿದೆ, ಮೂಳೆಯೂ ನಿಧಾನವಾಗಿ ಬಲಿತಿದೆ. ಜೊತೆಜೊತೆಗೆ ಬಾಟಲಿಯನ್ನೂ ಉರುಳಿಸುತ್ತಿದ್ದರು, ಆದ್ದರಿಂದ ಹೆಸರು ಬಾಟಲಿಗೆ ಬಂತು. ನೋವು ಕಡಿಮೆಯಾಗುವುದು ಒಂದು, ಮೂಳೆ ಬಲಿಯುವುದು ಇನ್ನೊಂದು. ಇವೆರಡೂ ಒಂದೇ ಅಂದುಕೊಂಡಿರುವುದೇ ಎಲ್ಲ ತಪ್ಪಿನ ಮೂಲ.

ಮೂಳೆ ಹೇಗೆ ಬಲಿಯುತ್ತದೆ? ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ಅದು ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿಟ್ಟ. ಬಹಳ ವರ್ಷ ಟೆನಿಸ್ ಆಡಿದವರ ಆಡುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪವಿರುವುದನ್ನು ಎಕ್ಸ್‌ರೇಯಲ್ಲೇ ಕಾಣಬಹುದು. ಅವರು ಯಾರೂ ತೋಳಿನ ಮೇಲೆ ಬಾಟಲಿ ಉರುಳಿಸಿಲ್ಲ. ಮೂಳೆಯೊಳಗಿನ ಜೀವಕೋಶಗಳಿಗೆ ಸಂದೇಶ ಹೋಗುವುದು ಮೂಳೆ ಕೂದಲೆಳೆಯಷ್ಟು ಬಾಗಿದಾಗ, ಅದೂ ಚುರುಕಾಗಿ, ಏಟಿನಂತೆ ಬಾಗಿದಾಗ. ಹಗ್ಗದಾಟದ ಜಿಗಿತ, ಓಟ, ಬ್ಯಾಗಿಗೆ ಒದೆತ, ಇವು ಮೂಳೆಯನ್ನು ಬಾಗಿಸುತ್ತವೆ. ಲಟ್ಟಣಿಗೆ ಮೇಲಿನ ಚರ್ಮ, ಪೊರೆಗಳನ್ನು ಉಜ್ಜುತ್ತದೆ, ಮೂಳೆಯನ್ನು ಬಾಗಿಸುವುದಿಲ್ಲ.

ಇನ್ನು ಸಮಯ. ಹೊರೆ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯನ್ನು ಅಲ್ಲಲ್ಲಿ ಕೊರೆದು ತೆಗೆಯುತ್ತದೆ, ಇದಕ್ಕೆ 2ರಿಂದ 3 ವಾರ. ಅಲ್ಲಿ ಹೊಸದನ್ನು ತುಂಬಿ ಗಟ್ಟಿ ಮಾಡಲು 3ರಿಂದ 4 ತಿಂಗಳು. ಅಂದರೆ ಸೇರಿದ ಮೊದಲ ಒಂದೂವರೆ ತಿಂಗಳು ನಿಮ್ಮ ಮೂಳೆ ಮೊದಲಿಗಿಂತ ತುಸು ದುರ್ಬಲ. "ಈಗ ಸೆಟ್ ಆಯ್ತು" ಎಂದು ಹುಡುಗರು ಒದೆತವನ್ನು ದುಪ್ಪಟ್ಟು ಮಾಡುವುದೂ ಸರಿಯಾಗಿ ಆಗಲೇ. ಕೂದಲೆಳೆ ಬಿರುಕು ಬಿಡುವುದೂ ಆಗಲೇ.

ಎಷ್ಟೇ ಬಲಿತ ಮೂಳೆಯೂ ತಪ್ಪು ಜಾಗದಲ್ಲಿ ತಾಗಿದರೆ ಮುರಿಯುತ್ತದೆ. 2013ರ ಡಿಸೆಂಬರ್ 28, ಲಾಸ್ ವೇಗಸ್, ಯುಎಫ್‌ಸಿ 168 (ಯುಎಫ್‌ಸಿ ಅಂದರೆ ಅಮೆರಿಕದ ದೊಡ್ಡ ಎಂಎಂಎ ಪಂದ್ಯ ಸರಣಿ). ಆಂಡರ್ಸನ್ ಸಿಲ್ವಾ ಹೊಡೆದ ಲೋ ಕಿಕ್ಕನ್ನು ಕ್ರಿಸ್ ವೈಡ್‌ಮನ್ ಮೊಣಕಾಲೆತ್ತಿ ತಡೆದ, ಸಿಲ್ವಾನ ಎಡಗಾಲಿನ ಎರಡೂ ಮೂಳೆ ಮುರಿದವು. ಅಷ್ಟು ವರ್ಷ ಮುವೆ ಥಾಯ್ (ಥಾಯ್ಲೆಂಡಿನ ಒದೆತ-ಗುದ್ದಿನ ಕಾಳಗ ಕಲೆ) ಅಭ್ಯಾಸ ಮಾಡಿದವನ ಕಾಲು ಅದು. 2021ರ ಏಪ್ರಿಲ್ 24ರಂದು ಯುಎಫ್‌ಸಿ 261ರಲ್ಲಿ ಅದೇ ವೈಡ್‌ಮನ್ ಯೂರಾಯಾ ಹಾಲ್‌ಗೆ ಮೊದಲ ಒದೆತ ಕೊಟ್ಟ, ಹಾಲ್ ತಡೆದ, 17 ಸೆಕೆಂಡಿನಲ್ಲಿ ವೈಡ್‌ಮನ್‌ನ ಬಲಗಾಲು ಮುರಿಯಿತು. ಶಿನ್ ಮೂಳೆ ಅತ್ಯಂತ ತೆಳ್ಳಗಿರುವುದು ಮೇಲಿಂದ ಮೂರನೇ ಎರಡು ಭಾಗ ಇಳಿದ ಜಾಗದಲ್ಲಿ. ಅತ್ಯಂತ ದಪ್ಪ ಇರುವುದು ಮೊಣಕಾಲಿನ ಬುಡದಲ್ಲಿ. ಹೊಡೆಯುವವನ ತೆಳು ಭಾಗ ತಡೆಯುವವನ ದಪ್ಪ ಭಾಗಕ್ಕೆ ಹೋಗಿ ಬಿದ್ದರೆ ಸೋಲುವುದು ಹೊಡೆದವನೇ.

ಆದ್ದರಿಂದ ನಿಮ್ಮ ನೋವಿಗೆ ಮೊದಲ ಮದ್ದು ದೂರದ ಅಂದಾಜು. ದೂರ ಜಾಸ್ತಿಯಾದರೆ ಪಾದದ ಮೇಲ್ಭಾಗವೋ ಪಾದದ ಕೀಲಿನ ಹತ್ತಿರದ ತೆಳು ಮೂಳೆಯೋ ತಾಗುತ್ತದೆ. ಅರ್ಧ ಹೆಜ್ಜೆ ಒಳಗೆ ಹೋಗಿ. ನಿಂತ ಕಾಲಿನ ಹಿಮ್ಮಡಿ ಎದುರಾಳಿಯ ಕಡೆ ತಿರುಗುವಷ್ಟು ಪಾದ ತಿರುಗಿಸಿ, ಸೊಂಟವನ್ನು ಪೂರ್ತಿ ಹಾಯಿಸಿ, ಶಿನ್‌ನ ನಡುಭಾಗ ತೊಡೆಯ ಮಾಂಸಕ್ಕೆ ಬೀಳಲಿ. ಬರಿಯ ಲೋ ಕಿಕ್ ಹೊಡೆಯಲೇಬೇಡಿ. ಜ್ಯಾಬ್ (ಮುಂಗೈ ಗುದ್ದು), ಕ್ರಾಸ್ (ಹಿಂಗೈ ನೇರ ಗುದ್ದು) ಕೊಟ್ಟು ಎದುರಾಳಿಯ ಭಾರ ಮುಂಗಾಲಿಗೆ ಬೀಳುವಂತೆ ಮಾಡಿ, ಆಮೇಲೆ ಹೊಡೆಯಿರಿ. ಭಾರ ಹೊತ್ತ ಕಾಲನ್ನು ಅವನು ತಡೆಯಲು ಎತ್ತಲಾರ. ನೀವು ತಡೆಯುವಾಗ ಮೊಣಕಾಲನ್ನು ಸೊಂಟದ ಎತ್ತರಕ್ಕೆ ತಂದು, ಸ್ವಲ್ಪ ಹೊರಕ್ಕೆ ತಿರುಗಿಸಿ, ಕಾಲ್ಬೆರಳುಗಳನ್ನು ಮೇಲಕ್ಕೆ ಸೆಳೆದುಕೊಳ್ಳಿ. ಏಟು ಶಿನ್‌ನ ಮೇಲಿನ ಮೂರನೇ ಒಂದು ಭಾಗಕ್ಕೆ ಬೀಳಬೇಕು.

ಎರಡನೆಯದು ಬ್ಯಾಗು. ನಮ್ಮ ಕಡೆ ಅರ್ಧ ಗಾಯಗಳು ಬ್ಯಾಗಿನಿಂದಲೇ. ಗೋಣಿಚೀಲಕ್ಕೆ ಎಂ-ಸ್ಯಾಂಡ್ ತುಂಬಿ ಮರಕ್ಕೆ ಕಟ್ಟಿದರೆ ಎರಡು ವಾರದಲ್ಲಿ ಮರಳು ತಳಕ್ಕೆ ಇಳಿದು ಕೆಳಗಿನ ಒಂದೂವರೆ ಅಡಿ ಕಲ್ಲಿನಂತಾಗುತ್ತದೆ, ಲೋ ಕಿಕ್ ಬೀಳುವುದು ಅಲ್ಲಿಗೇ. ದರ್ಜಿ ಅಂಗಡಿಯಿಂದ ಕತ್ತರಿ ಚೂರು ಬಟ್ಟೆ ತನ್ನಿ. ಗುಂಡಿ, ಜಿಪ್ಪು, ಕೊಕ್ಕೆ ಇದ್ದರೆ ಕತ್ತರಿಸಿ ಎಸೆಯಿರಿ. ಅರ್ಧ ಅಡಿ ತುಂಬಿ ದಪ್ಪ ಕೋಲಿನಿಂದ ಅದುಮಿ, ಮತ್ತೆ ಅರ್ಧ ಅಡಿ ತುಂಬಿ. ಆರು ಅಡಿ ಉದ್ದದ ಬ್ಯಾಗು ಹೀಗೆ 40 ಕೆಜಿ ಸುಮಾರಿಗೆ ಬರುತ್ತದೆ. ಭಾರ ಸಾಲದಿದ್ದರೆ ಒಂದೊಂದು ಕೆಜಿ ಮರಳನ್ನು ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಕಟ್ಟಿ, ಸುತ್ತ ನಾಲ್ಕು ಇಂಚು ಬಟ್ಟೆ ಇರುವಂತೆ ನಟ್ಟನಡುವೆ ಇಡಿ. ತಿಂಗಳಿಗೊಮ್ಮೆ ಇಳಿಸಿ ತಲೆಕೆಳಗು ಮಾಡಿ. ಹೆಬ್ಬೆರಳಿನಿಂದ ಒತ್ತಿದಾಗ ಮೇಲೂ ಕೆಳಗೂ ಒಂದೇ ಥರ ತಗ್ಗಬೇಕು.

ಥಾಯ್ಲೆಂಡಿನ ಮುವೆ ಥಾಯ್ ಪಟು ಬುಆಕಾವ್ ಬಾಳೆಗಿಡಕ್ಕೆ ಒದ್ದು ಬೀಳಿಸುವ ವಿಡಿಯೊ ನೋಡಿ ತೋಟಕ್ಕೆ ಹೋಗುವವರೂ ಇದ್ದಾರೆ. ಬಾಳೆಯ ಕಾಂಡದಲ್ಲಿ ಹೆಚ್ಚಿನದು ನೀರೇ, ಒದ್ದರೆ ತಗ್ಗುತ್ತದೆ. ತಿಪಟೂರಿನ ತೆಂಗಿನ ಮರ ತಗ್ಗುವುದಿಲ್ಲ.

ಲೆಕ್ಕ ಇಷ್ಟು: ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲು ಮೂರು ನಿಮಿಷದ ಮೂರು ಸುತ್ತು ಹಗ್ಗದಾಟ. ಆಮೇಲೆ ಕಾಲೊಂದಕ್ಕೆ 40 ಒದೆತ, ಅರ್ಧ ಬಲದಲ್ಲಿ. ವಾರಕ್ಕೆ ನಾಲ್ಕೈದು ಒದೆತದಂತೆ ಏರಿಸಿ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಪೂರ್ತಿ ಬಲ ಮೂರು ತಿಂಗಳಾದ ಮೇಲೆ. ಸ್ಪಾರಿಂಗ್‌ನಲ್ಲಿ (ಜೊತೆಗಾರನೊಂದಿಗಿನ ಅಭ್ಯಾಸದ ಕಾಳಗದಲ್ಲಿ) ಶಿನ್ ಗಾರ್ಡ್ ಕಟ್ಟುವುದನ್ನು ಯಾವತ್ತೂ ಬಿಡಬೇಡಿ. ಗರಡಿಯಿಂದ ಬಂದವರಾದರೆ ಬಸ್ಕಿ ಮುಂದುವರಿಸಿ, ಕಾಲಿಗೆ ಅದು ಒಳ್ಳೆಯ ಹೊರೆ. ಇದೇ ಸಮಯದಲ್ಲಿ ದೇವರಾಯನದುರ್ಗದ ಇಳಿಜಾರಿನಲ್ಲೋ ನಂದಿ ಬೆಟ್ಟದ ಮೆಟ್ಟಿಲಲ್ಲೋ ಓಡಿ ಇಳಿಯುವುದನ್ನು ಹೊಸದಾಗಿ ಶುರು ಮಾಡಬೇಡಿ. ಇಳಿಯುವ ಓಟವೂ ಇದೇ ಮೂಳೆಯ ಮೇಲೆ ಬೀಳುತ್ತದೆ.

ನೋವನ್ನು ಗುರುತಿಸುವುದು ಕಲಿಯಿರಿ. ಮೂಳೆಯ ಒಳಅಂಚಿನುದ್ದಕ್ಕೂ ಹರಡಿದ ನೋವು ಓಟ, ಜಿಗಿತ ಜಾಸ್ತಿಯಾದದ್ದರ ಗುರುತು, ಎರಡು ವಾರ ಕಡಿಮೆ ಮಾಡಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಒಂದೇ ಬೆರಳಿನಲ್ಲಿ ತೋರಿಸುವಂಥ ಜಾಗದಲ್ಲಿ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಚಳುಕು, ರಾತ್ರಿ ಮಲಗಿದಾಗಲೂ ಮಿಡಿತ ಇದ್ದರೆ ಬಿರುಕಿನ ಅನುಮಾನ. ಒದೆತ ನಿಲ್ಲಿಸಿ ಮೂಳೆ ವೈದ್ಯರ ಹತ್ತಿರ ಹೋಗಿ. ಮೊದಲ ಎರಡು ಮೂರು ವಾರ ಈ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು. "ಎಕ್ಸ್‌ರೇ ಕ್ಲಿಯರ್" ಎಂದು ಮರುದಿನವೇ ಬ್ಯಾಗಿನ ಮುಂದೆ ನಿಲ್ಲಬೇಡಿ. ದೊಡ್ಡ ಏಟು ಬಿದ್ದು ಕಾಲು ಬಿಗಿದು ಹೊಳೆಯುವಂತೆ ಊದಿಕೊಂಡು, ಕಾಲ್ಬೆರಳು ಬಗ್ಗಿಸಿದರೆ ತಡೆಯಲಾರದ ನೋವೂ ಪಾದದಲ್ಲಿ ಜೋಮೂ ಬಂದರೆ ಅದು ತುರ್ತು. ಎಣ್ಣೆ ತಿಕ್ಕುವುದು, ಬಿಗಿಯಾಗಿ ಪುತ್ತೂರು ಕಟ್ಟು ಕಟ್ಟಿಸುವುದು ಎರಡೂ ಆಗ ಅಪಾಯ. ಒಳಗಿನ ಒತ್ತಡ ಇಳಿಸದಿದ್ದರೆ ಗಂಟೆಗಳ ಲೆಕ್ಕದಲ್ಲಿ ಮಾಂಸಖಂಡ ಸಾಯುತ್ತದೆ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಇಲ್ಲಿಗೆ ಬಂದಮೇಲೆ ಊಟದ ಮಾತು ಬಿಡುವಂತಿಲ್ಲ, ಯಾರೂ ಕೇಳದಿದ್ದರೂ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ದಿನಕ್ಕೆ ಬೇಕಾದದ್ದು 1,000. ದಿನಕ್ಕೆ ಎರಡು ದೊಡ್ಡ ಮುದ್ದೆ, ಅರ್ಧ ಲೀಟರ್ ಹಾಲು ಇದ್ದರೆ ಲೆಕ್ಕಕ್ಕೆ ಸರಿಹೋಗುತ್ತದೆ. ರಾಗಿಯ ಕ್ಯಾಲ್ಸಿಯಂ ಅಷ್ಟೂ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿ ಬೀಸಿಸಿದರೆ ಹೆಚ್ಚು ಹತ್ತುತ್ತದೆ. ತೂಕ ಇಳಿಸಬೇಕೆಂದು ರಾತ್ರಿ ಊಟ ಬಿಟ್ಟು ತಿಂಗಳುಗಟ್ಟಲೆ ಒದೆಯುವವರ ಮೂಳೆ ರಿಪೇರಿಯಾಗುವುದಿಲ್ಲ. ಹುಡುಗಿಯರಲ್ಲಿ ಮುಟ್ಟು ತಪ್ಪತೊಡಗಿದರೆ ಊಟ ಸಾಲುತ್ತಿಲ್ಲ ಅನ್ನುವುದಕ್ಕೆ ಅದು ಒಂದು ಸೂಚನೆ. ಕೋಚ್‌ಗಳು ಇದನ್ನು ಸಂಕೋಚವಿಲ್ಲದೆ ಹೇಳಿಕೊಡಬೇಕು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಗಳಿಗೆ ಇನ್ನೊಂದು ತಾಪತ್ರಯವಿದೆ: ಬೋರ್‌ವೆಲ್ ನೀರಿನ ಫ್ಲೋರೈಡ್. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. "ಫ್ಲೋರೈಡ್ ಇದ್ದರೆ ಮೂಳೆ ಗಟ್ಟಿಯಾಗುತ್ತಲ್ಲ?" ಅನ್ನಬಹುದು. ದಟ್ಟವಾಗುತ್ತದೆ, ಗಟ್ಟಿಯಾಗುವುದಿಲ್ಲ. 1990ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಮೂಳೆ ಸವೆದ ಹೆಂಗಸರಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಬೆನ್ನುಮೂಳೆಯ ಸಾಂದ್ರತೆ 35% ಏರಿತ್ತು, ಕೈಕಾಲಿನ ಮೂಳೆ ಮುರಿತಗಳು ಮಾತ್ರ ಇನ್ನೂ ಹೆಚ್ಚಾಗಿದ್ದವು. ದಟ್ಟವಾದರೂ ಪೆಡಸಾದ ಮೂಳೆ ಬಾಗುವುದಿಲ್ಲ, ಮುರಿಯುತ್ತದೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ 1.5 ಅನ್ನುತ್ತದೆ ನಮ್ಮ ದೇಶದ ಮಾನದಂಡ. ಮನೆಯವರು ಎರಡು ಲೀಟರ್ ಕುಡಿದರೆ ಅಭ್ಯಾಸ ಮಾಡುವ ನೀವು ನಾಲ್ಕೈದು ಲೀಟರ್ ಕುಡಿಯುತ್ತೀರಿ. ಒಂದೇ ಬೋರ್‌ವೆಲ್ಲಿನಿಂದ ನಿಮ್ಮ ಹೊಟ್ಟೆಗೆ ಹೋಗುವ ಫ್ಲೋರೈಡ್ ಎರಡು ಪಟ್ಟು, ಇಲ್ಲವೇ ಅದಕ್ಕಿಂತ ಹೆಚ್ಚು. ಹಲ್ಲಿನ ಮೇಲೆ ಚಿಕ್ಕಂದಿನಿಂದ ಕಂದು ಪಟ್ಟೆ ಇರುವ ಹುಡುಗರು ಕೋಚ್‌ಗೆ ಮೊದಲೇ ಹೇಳಿ, ಮೇಲಿನ ಲೆಕ್ಕವನ್ನು ಇನ್ನೂ ನಿಧಾನವಾಗಿ ಏರಿಸಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುತ್ತಾರೆ. ತೊಳೆದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಊರು, ಬೋರ್‌ವೆಲ್ ಯಾವುದು, ತುಂಬಿದ ದಿನ ಯಾವುದು ಎಂದು ಬರೆದು ಒಯ್ಯಿರಿ. 1.5 ದಾಟಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದಲೇ ತನ್ನಿ, ಆ ಘಟಕದ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಅದು ಹೆಚ್ಚುತ್ತದೆ.