ಹಳೆ ಸ್ಪೋರ್ಟ್ಸ್ ಕಾರಿಗೆ ಆಯಿಲ್ ಕೂಲರ್ ಬೇಕಾ?

"ಆಯಿಲ್ ಕೂಲರ್ ಹಾಕಿಸಿಬಿಡಲಾ?" ಹಳೆ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಆಯಿಲ್ ಕೂಲರ್ ಅಂದರೆ ಎಂಜಿನ್ ಆಯಿಲನ್ನು ತಣಿಸುವ ಪುಟ್ಟ ರೇಡಿಯೇಟರ್. ನಾನು ತಿರುಗಿ ಕೇಳುವುದು ಒಂದೇ: ಈಗ ಆಯಿಲ್ ಎಷ್ಟು ಬಿಸಿಯಾಗುತ್ತಿದೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ನೀರಿನ ಬಿಸಿ. ನೀರು ಸರಿಯಾಗಿದ್ದರೂ ಆಯಿಲ್ ಕಾದಿರಬಹುದು. ಹಾಗಾಗಿ ಮೊದಲು ಸಂಪ್‌ಗೆ, ಅಂದರೆ ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ, ಒಂದು ಟೆಂಪರೇಚರ್ ಗೇಜ್ ಹಾಕಿಸಿ.

ಆಯಿಲ್ 90ರಿಂದ 110 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಕೂಲರ್ ಬೇಡ. 130 ದಾಟಿ ಅಲ್ಲೇ ನಿಂತರೆ ಖಂಡಿತ ಬೇಕು. ಅಷ್ಟು ಬಿಸಿಗೆ ಆಯಿಲ್ ತೀರಾ ತೆಳ್ಳಗಾಗಿ ಪ್ರೆಷರ್ ಇಳಿಯುತ್ತದೆ, ಬೇರಿಂಗ್ ಸವೆಯುತ್ತದೆ. ರೇಸ್ ಟ್ರ್ಯಾಕ್‌ನಲ್ಲಿ, ಹೈವೇಯಲ್ಲಿ ಗಂಟೆಗಟ್ಟಲೆ ಜೋರಾಗಿ ಓಡಿಸುವವರಿಗೆ ಈ ತೊಂದರೆ ಬರುತ್ತದೆ. ಏರ್‌ಕೂಲ್ಡ್ ಪೋರ್ಷೆ 911ರ ಮಾತು ಬೇರೆ. ಅದರಲ್ಲಿ ನೀರೇ ಇಲ್ಲ, ಎಂಜಿನ್ ಬಿಸಿಯನ್ನು ಹೊತ್ತೊಯ್ಯುವ ಕೆಲಸದಲ್ಲಿ ಆಯಿಲ್ ಪಾಲು ದೊಡ್ಡದು. ಅಲ್ಲಿ ಕೂಲರ್ ಇಲ್ಲದೆ ಆಗುವುದೇ ಇಲ್ಲ.

ಭಾನುವಾರ ಹತ್ತು ಕಿಲೋಮೀಟರ್ ಓಡಿಸುವ ಕಾರಿಗೆ ಸುಮ್ನೆ ಕೂಲರ್ ಹಾಕಿದರೆ ಕೆಡುಕೇ ಜಾಸ್ತಿ. ಆಯಿಲ್ ಚೆನ್ನಾಗಿ ಬಿಸಿಯಾಗದಿದ್ದರೆ ಅದರಲ್ಲಿ ಸೇರುವ ನೀರಿನ ಅಂಶ ಮತ್ತು ಪೆಟ್ರೋಲ್ ಆವಿಯಾಗಿ ಹೋಗುವುದಿಲ್ಲ. ಆಯಿಲ್ ಕ್ಯಾಪ್ ಬಿಚ್ಚಿದರೆ ಒಳಗೆ ಬೆಣ್ಣೆಯಂಥ ಬಿಳಿ ಜಿಡ್ಡು ಅಂಟಿರುತ್ತದೆ. ಅದಕ್ಕೇ ಕೂಲರ್ ಹಾಕಿಸುವವರಿಗೆ ಥರ್ಮೋಸ್ಟಾಟ್ ಇರುವುದನ್ನೇ ಹಾಕಿಸಿ ಎನ್ನುತ್ತೇನೆ. ಸುಮಾರು 80 ಡಿಗ್ರಿಯವರೆಗೆ ಅದು ಆಯಿಲನ್ನು ಹೆಚ್ಚುಕಡಿಮೆ ಪೂರ್ತಿ ಎಂಜಿನ್‌ಗೇ ವಾಪಸ್ ಕಳಿಸುತ್ತದೆ.

ಐಡಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಆಯಿಲ್ ಪ್ರೆಷರ್ ಬೀಳುತ್ತದೆ ಅಂತ ಕೂಲರ್ ಹಾಕಿಸುವವರೂ ಇದ್ದಾರೆ. ಬೇರಿಂಗ್ ಅಥವಾ ಪಂಪ್ ಸವೆದಿದ್ದರೆ ಯಾವ ಕೂಲರೂ ಅದನ್ನು ಸರಿಮಾಡುವುದಿಲ್ಲ. ಆ ದುಡ್ಡು ಎಂಜಿನ್ ಬಿಚ್ಚಿ ನೋಡುವುದಕ್ಕೆ ಇರಲಿ.

ಕೂಲರ್ ಈಗಾಗಲೇ ಇದೆ ಎನ್ನುವವರು ಅದಕ್ಕೆ ಆಯಿಲ್ ಒಯ್ಯುವ ಹೋಸ್ ನೋಡಿಕೊಳ್ಳಿ. ಎಂಜಿಬಿಯಂಥ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಹೋಸ್ ರೇಡಿಯೇಟರ್ ಪಕ್ಕದ ತಗಡಿನ ತೂತಿನಲ್ಲಿ ಹಾದು ಮುಂದಕ್ಕೆ ಹೋಗುತ್ತದೆ. ತೂತಿನ ಸುತ್ತ ಇರಬೇಕಾದ ರಬ್ಬರ್ ಬಳೆ ಬಿದ್ದುಹೋಗಿದ್ದರೆ ತಗಡಿನ ಅಂಚು ಹೋಸನ್ನು ದಿನಾ ಉಜ್ಜುತ್ತದೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಎಂಜಿನ್ ಆರಿದ ಮೇಲೆ ಬೆರಳಾಡಿಸಿ ನೋಡಬೇಕು. ಪೂರ್ತಿ ಪ್ರೆಷರ್ ಇರುವ ಲೈನ್ ಅದು. ಒಡೆದರೆ ಸಂಪ್ ಖಾಲಿಯಾಗಲು ಜಾಸ್ತಿ ಹೊತ್ತು ಬೇಡ, ಎಂಜಿನ್ ಹಿಡಿದುಕೊಳ್ಳುತ್ತದೆ.

ಬೇರಿಂಗ್ ಹೋದ ಎಂಜಿನ್‌ನ ಕೂಲರನ್ನು ಮತ್ತೆ ಬಳಸಬೇಡಿ. ಒಳಗಿನ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡ ಲೋಹದ ಪುಡಿ ತೊಳೆದರೂ ಪೂರ್ತಿ ಬರುವುದಿಲ್ಲ, ಹೊಸ ಬೇರಿಂಗ್‌ಗೇ ಬಂದು ಸೇರುತ್ತದೆ.